ಗೆಳೆಯರ ಜೊತೆ ಮ್ಯಾರಥಾನ್, ಗಡಿಯಾರದಲ್ಲಿ ನಿಮ್ಮದೇ ಟೈಮ್: ಕಲಬುರಗಿ ಓಟಗಾರರಿಗೆ 18 ವಾರಗಳ ಮಾರ್ಗದರ್ಶಿ

ಕಲಬುರಗಿಯಲ್ಲಿ ಬೆಳಗಿನ ಐದಕ್ಕೇ ಎದ್ದು ಓಡುವವರು ಈಗ ಕಡಿಮೆಯೇನಿಲ್ಲ. ಅಪ್ಪನ ಕೆರೆ ಸುತ್ತ, ವಿಶ್ವವಿದ್ಯಾಲಯದ ಆವರಣದಲ್ಲಿ, ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ದಿನಾ ಅವೇ ಮುಖಗಳು ಸಿಗುತ್ತವೆ. ಮೊದಲು ನಮಸ್ಕಾರ, ಆಮೇಲೆ ಪರಿಚಯ, ಆಮೇಲೆ ಒಟ್ಟಿಗೆ ಓಟ. ಹಾಫ್ ಮ್ಯಾರಥಾನ್ (21.1 ಕಿ.ಮೀ.) ಮುಗಿಸಿದ ಮೇಲೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ಫುಲ್ ಯಾವಾಗ?

ಅಲ್ಲಿಂದ ಎರಡು ಆಸೆ ಶುರುವಾಗುತ್ತವೆ. 42.195 ಕಿ.ಮೀ. ಗೆಳೆಯರ ಜೊತೆ ಓಡಬೇಕು. ಜೊತೆಗೆ ನನ್ನದೇ ಒಂದು ಟೈಮ್ ಮಾಡಬೇಕು. ಎರಡೂ ಒಟ್ಟಿಗೆ ಸಾಧ್ಯ. ಆದರೆ ಯಾವ ಓಟ ಎಲ್ಲರೂ ಸೇರಿ ಓಡುವುದು, ಯಾವುದು ಒಬ್ಬೊಬ್ಬರೇ ಓಡುವುದು, ರೇಸಿನಲ್ಲಿ ಯಾವ ಜಾಗದಿಂದ ಅವರವರ ದಾರಿ ಅವರವರಿಗೆ ಅನ್ನೋದನ್ನು ಮೊದಲೇ ಕೂತು ಮಾತಾಡಿಕೊಂಡಿರಬೇಕು. ಗುಂಪುಗಳು ಸಾಮಾನ್ಯವಾಗಿ ಈ ಮಾತನ್ನೇ ಮುಂದಕ್ಕೆ ಹಾಕುತ್ತವೆ. ಅದಕ್ಕೇ ಈ ಬರಹದಲ್ಲಿ ಅದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಇದು ಕನಿಷ್ಠ ಒಂದು ಹಾಫ್ ಮುಗಿಸಿ, ವಾರಕ್ಕೆ 25 ಕಿ.ಮೀ. ಆರಾಮಾಗಿ ಓಡುತ್ತಿರುವವರಿಗೆ. ಇನ್ನೂ ಅಲ್ಲಿಗೆ ಬಂದಿಲ್ಲ ಅಂದ್ರೆ ಒಂದು ವರ್ಷ ಹಾಫ್ ಓಡಿ, ಅವಸರ ಬೇಡ. ವಯಸ್ಸು 40 ದಾಟಿದ್ದರೆ, ಬಿಪಿ ಅಥವಾ ಶುಗರ್ ಇದ್ದರೆ, ಮೊದಲು ವೈದ್ಯರ ಹತ್ತಿರ ಹೋಗಿ ಹೃದಯ ತಪಾಸಣೆ ಮಾಡಿಸಿಕೊಂಡೇ ಬನ್ನಿ.

ಮೊದಲು ರೇಸ್ ಆರಿಸಿ, ಅದೂ ನಮ್ಮ ಬಿಸಿಲು ನೋಡಿ

ನಮಗೆ ಹೋಗಿಬರಬಹುದಾದ ದೊಡ್ಡ ಮ್ಯಾರಥಾನ್‌ಗಳಲ್ಲಿ ಎರಡು ಹೈದರಾಬಾದ್ ಮತ್ತು ಮುಂಬೈನಲ್ಲಿ ನಡೆಯುತ್ತವೆ. ಹೈದರಾಬಾದ್ ಹತ್ತಿರ ಅಂತ ಹಲವರು ಅದಕ್ಕೇ ಹೆಸರು ಕೊಡುತ್ತಾರೆ. ಆದರೆ ಅದು ನಡೆಯುವುದು ಆಗಸ್ಟ್ ಕೊನೆಗೆ. ಅಂದರೆ ತಯಾರಿ ಏಪ್ರಿಲ್‌ನಲ್ಲೇ ಶುರುವಾಗಬೇಕು. ಕಲಬುರಗಿಯ ಏಪ್ರಿಲ್, ಮೇ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಮಧ್ಯಾಹ್ನ 42 ಡಿಗ್ರಿ ದಾಟುವ ದಿನಗಳಲ್ಲಿ ಬೆಳಗಿನ ಜಾವದಲ್ಲೂ ನೆಲ ಬಿಸಿಯೇ ಇರುತ್ತದೆ. ಆ ಕಾವಿನಲ್ಲಿ 25 ಕಿ.ಮೀ. ಓಡಿದರೆ ಸುಸ್ತು ಬರುತ್ತದೆ, ಫಿಟ್‌ನೆಸ್ ಬರುವುದಿಲ್ಲ. ಅದರ ಮೇಲೆ ಹೈದರಾಬಾದ್ ದಾರಿಯಲ್ಲಿ ಫ್ಲೈಓವರ್‌ಗಳ ಏರಿಳಿತ ಜಾಸ್ತಿ.

ಟೈಮ್ ಬೇಕು ಅನ್ನುವವರಿಗೆ ನನ್ನ ಸಲಹೆ ಜನವರಿಯ ಮೂರನೇ ಭಾನುವಾರ ನಡೆಯುವ ಟಾಟಾ ಮುಂಬೈ ಮ್ಯಾರಥಾನ್. 18 ವಾರ ಹಿಂದಕ್ಕೆ ಎಣಿಸಿದರೆ ಸೆಪ್ಟೆಂಬರ್ ಮಧ್ಯ. ಮಳೆ ಇಳಿಯುವ ಹೊತ್ತಿಗೆ ತಯಾರಿ ಶುರು, ಎಲ್ಲಕ್ಕಿಂತ ದೊಡ್ಡ ಓಟಗಳು ಡಿಸೆಂಬರ್ ಚಳಿಯಲ್ಲಿ. ಕಲಬುರಗಿ ಮುಂಬೈ ರೈಲು ಮಾರ್ಗದ ಮೇಲೇ ಇದೆ, ರಾತ್ರಿ ಮಲಗಿ ಬೆಳಗ್ಗೆ ಇಳಿಯಬಹುದು. ಆದರೆ ಎರಡು ವಿಷಯ ನೆನಪಿರಲಿ. ಮುಂಬೈಯಲ್ಲಿ ಜನವರಿಯಲ್ಲೂ ಗಾಳಿಯಲ್ಲಿ ತೇವ ಇರುತ್ತದೆ, ನಮ್ಮ ಒಣ ಚಳಿಯಲ್ಲಿ ಓಡಿದವರಿಗೆ ಬೆವರು ಜಾಸ್ತಿ ಅನ್ನಿಸುತ್ತದೆ. ಇನ್ನೊಂದು, ಓಟದ ಕೊನೆ ಭಾಗದಲ್ಲಿ, ಕಾಲು ಸೋತ ಹೊತ್ತಿಗೇ ಪೆಡ್ಡರ್ ರೋಡ್ ಏರು ಬರುತ್ತದೆ.

ಗುಂಪು ಕೂತು ಮಾತಾಡುವುದು

ಮೂರರಿಂದ ಆರು ಜನ ಸಾಕು. ಹತ್ತು ಜನ ಆದರೆ ಭಾನುವಾರ ಎಲ್ಲರಿಗಾಗಿ ಕಾಯುವುದರಲ್ಲೇ ಬಿಸಿಲು ಏರುತ್ತದೆ. ಎಲ್ಲರ ವೇಗ ಒಂದೇ ಇರಬೇಕಾಗಿಲ್ಲ. ಆದರೆ ಬೆಳಗ್ಗೆ 5ಕ್ಕೆ ಬರುತ್ತೇನೆ ಅಂದವರು 5ಕ್ಕೇ ಬರಬೇಕು. ಗುಂಪು ಉಳಿಯುವುದು ಈ ಒಂದು ಶಿಸ್ತಿನಿಂದ.

ಮೊದಲ ವಾರವೇ ಚಹಾಕ್ಕೆ ಕೂತಾಗ ಒಬ್ಬೊಬ್ಬರೂ ಬಾಯಿ ಬಿಟ್ಟು ಹೇಳಬೇಕು: ನನಗೆ ಏನು ಬೇಕು? ಒಬ್ಬರಿಗೆ ಮುಗಿಸಿದರೆ ಸಾಕು. ಇನ್ನೊಬ್ಬರಿಗೆ 4 ಗಂಟೆ 30 ನಿಮಿಷದೊಳಗೆ ಬರಬೇಕು. ಮತ್ತೊಬ್ಬರ ಕಣ್ಣು 4 ಗಂಟೆಯ ಮೇಲೆ. ಮನಸ್ಸಿನಲ್ಲಿ ಟೈಮ್ ಇಟ್ಟುಕೊಂಡು "ನಾನು ಸುಮ್ನೆ ನಿಮ್ಮ ಜೊತೆ ಓಡ್ತೀನಿ" ಅಂದವರೇ 25ನೇ ಕಿ.ಮೀ.ನಲ್ಲಿ ಬೇಜಾರು ಮಾಡಿಕೊಳ್ಳುತ್ತಾರೆ. ಟೈಮ್ ಬೇಕು ಅನ್ನುವುದು ಸ್ವಾರ್ಥ ಅಲ್ಲ. ಅದನ್ನು ಮುಚ್ಚಿಟ್ಟರೆ ಮಾತ್ರ ಗೆಳೆತನಕ್ಕೆ ತೊಂದರೆ.

ಗುಂಪಿನಲ್ಲಿ ಯಾರಾದರೂ ಉಪವಾಸ, ವ್ರತ ಮಾಡುವವರು, ರಾತ್ರಿ ಪಾಳಿಯವರು ಇದ್ದರೆ ಅದನ್ನೂ ಈಗಲೇ ಲೆಕ್ಕಕ್ಕೆ ತನ್ನಿ. ಹೆಣ್ಣುಮಕ್ಕಳು ಇದ್ದರೆ ಕತ್ತಲಲ್ಲಿ ಮನೆಯಿಂದ ಓಟದ ಜಾಗಕ್ಕೆ ಬರುವುದು ಹೇಗೆ ಅನ್ನೋದೂ ಗುಂಪಿನದೇ ಜವಾಬ್ದಾರಿ. ಯಾರು ಯಾರನ್ನು ಕರೆದುಕೊಂಡು ಬರುತ್ತಾರೆ ಅಂತ ಹೆಸರು ಹಿಡಿದು ಹಂಚಿಕೊಳ್ಳಿ.

ನಿಮ್ಮ ಟೈಮ್ ಎಷ್ಟು? ಆಸೆಯಿಂದ ಅಲ್ಲ, ಹಾಫ್‌ನಿಂದ ಲೆಕ್ಕ ಹಾಕಿ

ಓಟದ ಲೆಕ್ಕದಲ್ಲಿ ಅಮೆರಿಕದ ಎಂಜಿನಿಯರ್ ಪೀಟ್ ರೀಗಲ್ ಅವರ ಸೂತ್ರ ಹೆಸರುವಾಸಿ. ದೂರ ಎರಡರಷ್ಟಾದರೆ ಸಮಯ ಎರಡರಷ್ಟಲ್ಲ, ಸುಮಾರು 2.085ರಷ್ಟು ಆಗುತ್ತದೆ. ನಿಮ್ಮ ಹಾಫ್ ಟೈಮನ್ನು ನಿಮಿಷಕ್ಕೆ ತಂದು 2.085ರಿಂದ ಗುಣಿಸಿ. ಹಾಫ್ 1:55 (1 ಗಂಟೆ 55 ನಿಮಿಷ) ಇದ್ದರೆ ಫುಲ್ 4 ಗಂಟೆಗೆ ಸರಿಯಾಗಿ ಬರುತ್ತದೆ. ಹಾಫ್ 2:09 ಇದ್ದರೆ 4:29. ವಾರಕ್ಕೆ 50 ಕಿ.ಮೀ.ಗಿಂತ ಕಡಿಮೆ ಓಡುವವರಿಗೆ, ಮೊದಲ ಸಲ ಫುಲ್ ಓಡುವವರಿಗೆ ಈ ಲೆಕ್ಕ ಸ್ವಲ್ಪ ಉದಾರ. ಅದರ ಮೇಲೆ ಹತ್ತು ನಿಮಿಷ ಸೇರಿಸಿ.

ಒಂದೇ ಟೈಮ್ ಹಿಡಿದು ಕೂರಬೇಡಿ, ಮೂರು ಇಟ್ಟುಕೊಳ್ಳಿ. ಎಲ್ಲ ಕೂಡಿಬಂದ ದಿನಕ್ಕೆ ಒಂದು, ಸಾಮಾನ್ಯ ದಿನಕ್ಕೆ ಒಂದು, ಹೊಟ್ಟೆ ಕೆಟ್ಟರೂ ಬಿಸಿಲು ಏರಿದರೂ ಬಿಡಲಾರೆ ಅನ್ನೋದಕ್ಕೆ ಒಂದು. 4:30 ಬೇಕು ಅನ್ನುವವರು 4:30, 4:40, 5:00 ಅಂತ ಬರೆದಿಡಿ. ಮೊದಲನೆಯದು ಕೈಬಿಟ್ಟಾಗ ಎರಡನೆಯದು ಇರುತ್ತದಲ್ವಾ, ಹಾಗಾಗಿ ಮನಸ್ಸು ಒಮ್ಮೆಲೇ ಕುಸಿಯುವುದಿಲ್ಲ.

ಕೊನೆಯ ತೀರ್ಮಾನ ಈಗ ಬೇಡ. ನವೆಂಬರ್ ಕೊನೆಗೆ, 11ನೇ ವಾರದಲ್ಲಿ, ಒಂದು ಹಾಫ್ ಪೂರ್ತಿ ಜೋರಾಗಿ ಓಡಿ ನೋಡಿ. ಹತ್ತಿರದಲ್ಲಿ ರೇಸ್ ಇಲ್ಲದಿದ್ದರೆ ಗುಂಪೇ ರಿಂಗ್ ರೋಡ್ ಮೇಲೆ 21.1 ಕಿ.ಮೀ. ಅಳೆದುಕೊಂಡು ಓಡಬಹುದು. ಆ ದಿನದ ಗಡಿಯಾರ ಹೇಳಿದ್ದೇ ನಿಮ್ಮ ಗುರಿ.

ವಾರಕ್ಕೆ ನಾಲ್ಕು ದಿನ

ಮಂಗಳವಾರ 8 ಕಿ.ಮೀ. ಆರಾಮದ ಓಟ. ಗುರುವಾರ ವೇಗದ ಓಟ. ಶನಿವಾರ 5–6 ಕಿ.ಮೀ. ಮೆಲ್ಲಗೆ. ಭಾನುವಾರ ಲಾಂಗ್ ರನ್. ಬುಧವಾರ ಅಥವಾ ಶುಕ್ರವಾರ ಮನೆಯಲ್ಲೇ ಇಪ್ಪತ್ತು ನಿಮಿಷ ಬೈಠಕ್, ಹಿಮ್ಮಡಿ ಎತ್ತುವುದು, ಒಂಟಿ ಕಾಲಿನ ಮೇಲೆ ನಿಲ್ಲುವುದು, ಪ್ಲಾಂಕ್ (ಮೊಣಕೈ ಊರಿ ಮೈ ನೇರ ಹಿಡಿಯುವುದು). ವಾರದ ಮೊತ್ತ 35ರಿಂದ ಶುರುವಾಗಿ ಡಿಸೆಂಬರ್‌ನಲ್ಲಿ 55ರ ಹತ್ತಿರ ಬರಲಿ.

ಆರಾಮದ ಓಟ ಅಂದರೆ ನಿಜವಾಗಿ ಆರಾಮ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. 4:30ರ ಗುರಿಗೆ ರೇಸಿನ ವೇಗ ಕಿ.ಮೀ.ಗೆ 6:24, ಅಂದರೆ 6 ನಿಮಿಷ 24 ಸೆಕೆಂಡ್. ಆರಾಮದ ಓಟ 7:00ರಿಂದ 7:30. ಇಲ್ಲಿ ಗೆಳೆಯರು ಬಲು ಉಪಯೋಗ, ಮಾತು ನಡೆದಿದೆ ಅಂದ್ರೆ ವೇಗ ಸರಿಯಾಗಿದೆ ಅಂತಲೇ ಅರ್ಥ.

ಗುರುವಾರ ಮಾತ್ರ ಪ್ರತಿಯೊಬ್ಬರೂ ತಮ್ಮ ವೇಗಕ್ಕೇ ಓಡಬೇಕು. ಇದರಲ್ಲಿ ರಾಜಿ ಬೇಡ. ಒಟ್ಟಿಗೆ ಬನ್ನಿ, ಒಟ್ಟಿಗೆ ವಾರ್ಮ್ ಅಪ್ ಮಾಡಿ, ಆಮೇಲೆ ಬೇರೆಯಾಗಿ. ಮೊದಲ ಐದಾರು ವಾರ ಕ್ರೀಡಾಂಗಣದಲ್ಲಿ 800 ಮೀಟರ್ ಜೋರು, 400 ಮೀಟರ್ ನಿಧಾನ, ಹೀಗೆ ಐದಾರು ಸಲ. ಸುತ್ತಿನಲ್ಲಿ ಓಡುವುದರಿಂದ ಯಾರೂ ಹಿಂದೆ ಬಿದ್ದಂತೆ ಕಾಣುವುದಿಲ್ಲ. ಆಮೇಲೆ ನಿಮ್ಮ ರೇಸಿನ ವೇಗದಲ್ಲೇ 8 ಕಿ.ಮೀ., 10, 12 ಅಂತ ಏರಿಸುತ್ತ ಹೋಗಿ. ಕಾಲಿಗೆ ಆ ವೇಗ ರೂಢಿಯಾಗಬೇಕು.

ನಮ್ಮ ಊರು ಬಹುಪಾಲು ಸಮತಟ್ಟು. ಏರಿಗೆ ಹದಿನೈದು ದಿನಕ್ಕೊಮ್ಮೆ ರೈಲ್ವೆ ಓವರ್‌ಬ್ರಿಡ್ಜ್ ಹತ್ತಿ ಇಳಿಯಿರಿ, ವಾಹನ ಇಲ್ಲದ ಹೊತ್ತು ನೋಡಿ. ಇಲ್ಲವಾದರೆ ಒಂದು ಭಾನುವಾರ ಬೀದರ್‌ಗೆ ಹೋಗಿ. ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿದ್ದರೆ ಬೀದರ್ 700 ಮೀಟರ್ ಮೇಲಿದೆ, ಹವೆ ತಂಪು. ಊರಿನಿಂದ ಅಷ್ಟೂರಿನ ಬಹಮನಿ ಗುಂಬಜ್‌ಗಳ ಕಡೆ ಇಳಿದು ಮತ್ತೆ ಊರಿಗೆ ಹತ್ತುವುದೇ ಪೆಡ್ಡರ್ ರೋಡ್‌ಗೆ ಒಳ್ಳೆ ತಯಾರಿ.

ಭಾನುವಾರ

ಮ್ಯಾರಥಾನ್ ತಯಾರಾಗುವುದು ಭಾನುವಾರಗಳಲ್ಲಿ. 18 ವಾರಗಳ ದೂರ ಹೀಗಿರಲಿ, ಕಿ.ಮೀ.ಗಳಲ್ಲಿ: 14, 16, 18, 14, 20, 22, 24, 18, 26, 28, 11ನೇ ವಾರ ಹಾಫ್ ಪರೀಕ್ಷೆ, ಆಮೇಲೆ 24, 30, 22, 32, 20, 12, ಕೊನೆಗೆ ರೇಸ್. ನಡುನಡುವೆ ಇಳಿದಿರುವ ವಾರಗಳನ್ನು ಬಿಡಬೇಡಿ. ಮೈ ಗಟ್ಟಿಯಾಗುವುದು ಆ ವಾರಗಳಲ್ಲೇ. 32ಕ್ಕಿಂತ ಮುಂದೆ ಹೋಗುವುದೂ ಬೇಡ. 38 ಓಡಿ ನೋಡುತ್ತೇನೆ ಅನ್ನುವವರಿಗೆ ಸುಧಾರಿಸಿಕೊಳ್ಳಲು ವಾರಗಟ್ಟಲೆ ಬೇಕಾಗುತ್ತದೆ.

ಬೇರೆ ಬೇರೆ ವೇಗದವರು ಒಂದೇ ಲಾಂಗ್ ರನ್ ಹೇಗೆ ಓಡುವುದು? ದೂರ ಅಲ್ಲ, ಸಮಯ ಹಿಡಿದು ತಿರುಗಿ. ಎಲ್ಲರೂ 5ಕ್ಕೆ ವಿಶ್ವವಿದ್ಯಾಲಯದ ಗೇಟಿನಿಂದ ಸೇಡಂ ರಸ್ತೆಯಲ್ಲಿ ವಿಮಾನ ನಿಲ್ದಾಣದ ಕಡೆ ಹೊರಡುತ್ತೀರಿ ಅಂದುಕೊಳ್ಳಿ. ಮೊದಲ ಹತ್ತು ನಿಮಿಷ ಎಲ್ಲರೂ ಒಟ್ಟಿಗೆ, ಆಮೇಲೆ ಸಾಲು ಉದ್ದವಾಗುತ್ತದೆ. 75 ನಿಮಿಷಕ್ಕೆ ಎಲ್ಲರ ಗಡಿಯಾರದಲ್ಲೂ ಅಲಾರಂ. ಯಾರು ಎಲ್ಲಿದ್ದಾರೋ ಅಲ್ಲೇ ತಿರುಗಬೇಕು. ಈಗ ನಿಧಾನದವರು ಮುಂದೆ, ವೇಗದವರು ಹಿಂದೆ. ವೇಗದವರು ಒಬ್ಬೊಬ್ಬರನ್ನೇ ಹಿಡಿಯುತ್ತ ಬರುತ್ತಾರೆ, ನಿಧಾನದವರು ಹಿಡಿಸಿಕೊಳ್ಳಬಾರದು ಅಂತ ಓಡುತ್ತಾರೆ. ಕೊನೆ ಎರಡು ಕಿ.ಮೀ.ನಲ್ಲಿ ಎಲ್ಲರೂ ಕಣ್ಣಿಗೆ ಬೀಳುತ್ತಾರೆ. ಬೆಳಕು ಹರಿದಿರುತ್ತದೆ, ರಸ್ತೆ ಪಕ್ಕದ ತೊಗರಿ ಹೊಲ ಕಾಣುತ್ತಿರುತ್ತದೆ, ಒಬ್ಬರ ಹಿಂದೊಬ್ಬರು ಗೇಟಿಗೆ ಬಂದು ಮುಟ್ಟುತ್ತಾರೆ. ಯಾರಿಗೂ ಯಾರೂ ಕಾಯಲಿಲ್ಲ, ಯಾರೂ ತಮ್ಮ ವೇಗ ಬಿಡಲಿಲ್ಲ. ಗುಂಪಿನ ಓಟಕ್ಕೆ ಇದಕ್ಕಿಂತ ಒಳ್ಳೆ ಉಪಾಯ ನನಗೆ ಗೊತ್ತಿಲ್ಲ.

ಕತ್ತಲಲ್ಲಿ ಓಡುವಾಗ ಎದುರು ಬರುವ ವಾಹನಕ್ಕೆ ಮುಖ ಮಾಡಿ, ರಸ್ತೆಯ ಬಲಗಡೆ ಓಡಿ. ಹೊಳೆಯುವ ಜಾಕೆಟ್, ತಲೆಗೆ ಟಾರ್ಚ್ ಎಲ್ಲರಿಗೂ ಕಡ್ಡಾಯ. ಎರಡೂ ಕಿವಿಗೆ ಇಯರ್‌ಫೋನ್ ಬೇಡ. ನಾಯಿಗಳು ಬಂದರೆ ಓಡಬೇಡಿ, ನಡೆಯಿರಿ, ಗುಂಪಾಗಿ ನಿಲ್ಲಿ. ಮಳೆ ಬಂದ ಮರುದಿನ ಡಾಂಬರು ಬಿಟ್ಟು ಇಳಿಯಬೇಡಿ. ನಮ್ಮ ಕರಿ ಮಣ್ಣು ಶೂಗೆ ಮೆತ್ತಿಕೊಂಡರೆ ಒಂದೊಂದು ಕಾಲೂ ಕಲ್ಲಿನಷ್ಟು ಭಾರ. ನೀರಿಗೆ ಹಿಂದಿನ ರಾತ್ರಿ ಒಬ್ಬರು ಬೈಕಿನಲ್ಲಿ ಹೋಗಿ ಐದೈದು ಕಿ.ಮೀ.ಗೆ ಗೊತ್ತಿರುವ ಚಹಾ ಅಂಗಡಿಯಲ್ಲಿ ಬಾಟಲಿ ಇಟ್ಟು ಬರಲಿ. ಈ ಕೆಲಸ ಪಾಳಿ ಪ್ರಕಾರ ಇರಲಿ, ಒಬ್ಬರ ಮೇಲೇ ಬೀಳಬಾರದು.

ಹಬ್ಬಗಳು ಬರುತ್ತವೆ, ದಸರಾ, ದೀಪಾವಳಿ ಎರಡೂ ಈ 18 ವಾರಗಳ ಒಳಗೇ. ಓಟ ಒಂದು ದಿನ ಹಿಂದೆ ಮುಂದೆ ಮಾಡಿ. ತಪ್ಪಿದ ಓಟವನ್ನು ಮರುವಾರ ಡಬಲ್ ಮಾಡಿ ತೀರಿಸಲು ಹೋಗಬೇಡಿ. ಎಳ್ಳ ಅಮಾವಾಸ್ಯೆಯಂತೂ ಬಿಡುವ ಮಾತೇ ಇಲ್ಲ. ಬೆಳಗ್ಗೆ ಓಟ ಮುಗಿಸಿ ಹೊಲಕ್ಕೆ ಹೋಗಿ ಬಜ್ಜಿ ಪಲ್ಯ, ಸಜ್ಜೆ ರೊಟ್ಟಿ, ಕಡುಬು ಊಟ ಮಾಡಿ. ಲಾಂಗ್ ರನ್ ನಂತರ ಅದಕ್ಕಿಂತ ಒಳ್ಳೆ ಊಟ ಇಲ್ಲ.

ಊಟ, ನೀರು, ಶೂ

ನಮ್ಮ ಮೈಯಲ್ಲಿ ಗ್ಲೈಕೋಜನ್ (ಮೈ ಕೂಡಿಟ್ಟುಕೊಂಡ ಸಕ್ಕರೆ) ರೂಪದಲ್ಲಿ ಸುಮಾರು 2000 ಕ್ಯಾಲೊರಿ ಕೂಡಿರುತ್ತದೆ. ಓಟಕ್ಕೆ ಪ್ರತಿ ಕಿ.ಮೀ.ಗೆ ಮೈತೂಕದ ಒಂದು ಕಿಲೋಗೆ ಒಂದು ಕ್ಯಾಲೊರಿ ಹತ್ತಿರ ಖರ್ಚು. 65 ಕಿಲೋ ಇರುವವರಿಗೆ 30 ಕಿ.ಮೀ. ಹೊತ್ತಿಗೆ ದಾಸ್ತಾನು ಮುಗಿಯುತ್ತ ಬರುತ್ತದೆ. ಓಟಗಾರರು ವಾಲ್ (ಗೋಡೆ) ಅನ್ನುವುದು ಇದನ್ನೇ. ಹಸಿವಾಗುವ ಮೊದಲೇ ತಿನ್ನುವುದೇ ಪರಿಹಾರ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಓಡುತ್ತಲೇ ಹೀರುವ ಸಿಹಿ ಪಾಕದ ಪೊಟ್ಟಣ, ಅಂದರೆ ಒಂದು ಜೆಲ್‌ನಲ್ಲಿ 20–25 ಗ್ರಾಂ ಇರುತ್ತದೆ, ನಾಲ್ಕು ಸಾಧಾರಣ ಖರ್ಜೂರದಲ್ಲೂ ಸುಮಾರು ಅಷ್ಟೇ. ಮೊದಲ 35–40 ನಿಮಿಷಕ್ಕೆ ಒಂದು, ಆಮೇಲೆ ಅದೇ ಅಂತರದಲ್ಲಿ ಒಂದೊಂದು. ಓಡುವಾಗ ಶೇಂಗಾ ಚಿಕ್ಕಿ ಬೇಡ, ಎಣ್ಣೆ ಅಂಶ ಜಾಸ್ತಿ, ಹೊಟ್ಟೆ ಹಿಡಿಯುತ್ತದೆ.

ನೀರು ಬಾಯಾರಿದಷ್ಟು ಕುಡಿಯಿರಿ, ಸ್ಟಾಲ್ ಕಂಡಲ್ಲೆಲ್ಲ ಲೋಟಗಟ್ಟಲೆ ಅಲ್ಲ. ಬರೀ ನೀರು ಅತಿಯಾದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ, ಅದು ಪ್ರಾಣಕ್ಕೇ ಕುತ್ತು. ಎರಡು ಗಂಟೆ ದಾಟುವ ಓಟಕ್ಕೆ ಓಆರ್‌ಎಸ್ ಇರಲಿ.

ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿ ಬೇಳೆ ತಯಾರಿಯ ತಿಂಗಳುಗಳಲ್ಲಿ ಧಾರಾಳವಾಗಿ ತಿನ್ನಿ. ರೇಸಿನ ಹಿಂದಿನ ಎರಡು ದಿನ ಮಾತ್ರ ಪಕ್ಕಕ್ಕಿಡಿ. ನಾರು ಜಾಸ್ತಿ, ಬೆಳಗ್ಗೆ ಹೊಟ್ಟೆ ಹಗುರಾಗುವುದಿಲ್ಲ. ಆಗ ಅನ್ನ, ಇಡ್ಲಿ, ಆಲೂಗಡ್ಡೆ, ಬಾಳೆಹಣ್ಣು. ಸಂಕ್ರಾಂತಿ ಸರಿಯಾಗಿ ಅದೇ ವಾರ ಬರುತ್ತದೆ. ಎಳ್ಳು, ಶೇಂಗಾ ಹೋಳಿಗೆ ಹಬ್ಬದ ದಿನ ಒಂದೆರಡು ತಿಂದು, ಡಬ್ಬಿ ರೈಲಿಗೆ ತರಬೇಡಿ.

ಶೂ ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗ ಇರುವ ಅಳತೆಯದು ಬೇಕು. 500ರಿಂದ 800 ಕಿ.ಮೀ. ಓಡಿದ ಜೋಡಿಯ ಮೆತ್ತೆ ಸತ್ತಿರುತ್ತದೆ. ರೇಸಿನ ಶೂ ನವೆಂಬರ್‌ನಲ್ಲೇ ಕೊಂಡು ಎರಡು ಮೂರು ಲಾಂಗ್ ರನ್ ಮಾಡಿಸಿ.

ನೋವು

ಸ್ನಾಯು ಬಿಗಿಯಾಗುವುದು ಸಹಜ. ಒಂದೇ ಜಾಗದಲ್ಲಿ ಚುಚ್ಚುವ ನೋವು, ನಿಮ್ಮ ನಡಿಗೆಯನ್ನೇ ಬದಲಿಸುವ ನೋವು ಬಂದರೆ ಅಂದೇ ನಿಲ್ಲಿಸಿ. ಮೂರು ದಿನದಲ್ಲಿ ಕಡಿಮೆ ಆಗದಿದ್ದರೆ ಫಿಸಿಯೋ ಹತ್ತಿರ ಹೋಗಿ. ಕುಂಟುತ್ತ ಬಂದವರನ್ನು "ಏನಾಗಲ್ಲ ಬಾ" ಅಂತ ಎಳೆಯುವುದು ಗೆಳೆತನ ಅಲ್ಲ, ಮನೆಗೆ ಕಳಿಸಿ. ಐಬುಪ್ರೊಫೆನ್ ಥರದ ಮಾತ್ರೆ ನುಂಗಿ ಲಾಂಗ್ ರನ್ ಅಥವಾ ರೇಸ್ ಓಡಲೇಬಾರದು. ಬೆವರಿ ನೀರು ಕಡಿಮೆಯಾದ ಮೈಯಲ್ಲಿ ಅದು ಕಿಡ್ನಿಗೆ ಹೊಡೆತ.

ಕೊನೆಯ ಮೂರು ವಾರ ಮತ್ತು ಪ್ರಯಾಣ

32 ಕಿ.ಮೀ. ಆದ ಮೇಲೆ ದೂರ ಇಳಿಸಿ, ವೇಗ ಇಳಿಸಬೇಡಿ. ಗುರುವಾರ ರೇಸಿನ ವೇಗದಲ್ಲಿ 5–6 ಕಿ.ಮೀ. ಸಾಕು. ಕಾಲು ಚಡಪಡಿಸುತ್ತದೆ, ಇನ್ನೊಂದು ದೊಡ್ಡ ಓಟ ಮಾಡೋಣ ಅಂತ ಗುಂಪಿನಲ್ಲಿ ಒಬ್ಬರಾದರೂ ಹೇಳುತ್ತಾರೆ. ಒಪ್ಪಬೇಡಿ, ಈಗ ಓಡಿದ್ದು ರೇಸಿಗೆ ಬರುವುದಿಲ್ಲ. ನಿದ್ದೆ ಜಾಸ್ತಿ ಮಾಡಿ.

ರೈಲು ಟಿಕೆಟ್ 60 ದಿನ ಮೊದಲು ತೆರೆಯುತ್ತದೆ, ಅದೇ ದಿನ ಬೆಳಗ್ಗೆ ಕೂತು ಎಲ್ಲರದೂ ಒಟ್ಟಿಗೆ ಮಾಡಿ. ಸಂಕ್ರಾಂತಿ ಗದ್ದಲದಲ್ಲಿ ಆಮೇಲೆ ಸಿಗುವುದು ಕಷ್ಟ. ಶುಕ್ರವಾರವೇ ಮುಂಬೈ ಸೇರಿ. ಬಿಬ್ (ಎದೆಗೆ ಹಚ್ಚುವ ನಂಬರ್) ರೇಸಿನ ದಿನ ಕೊಡುವುದಿಲ್ಲ, ಗುರುತಿನ ಚೀಟಿ ಹಿಡಿದು ರೇಸಿಗೆ ಮೊದಲು ನಡೆಯುವ ಎಕ್ಸ್‌ಪೋಗೆ ಹೋಗಿ ತೆಗೆದುಕೊಳ್ಳಬೇಕು. ತೆಗೆದುಕೊಂಡು ಬಂದುಬಿಡಿ, ಶನಿವಾರ ಊರು ತಿರುಗುವುದು ಬೇಡ. ಗೇಟ್‌ವೇ ಆಫ್ ಇಂಡಿಯಾ ಸೋಮವಾರವೂ ಅಲ್ಲೇ ಇರುತ್ತದೆ.

ರೇಸ್

ಕತ್ತಲಲ್ಲೇ ಓಟ ಶುರು. ಎರಡೂವರೆ ಮೂರು ಗಂಟೆ ಮೊದಲು ಎದ್ದು ಬಾಳೆಹಣ್ಣು, ಬ್ರೆಡ್ ಜಾಮ್, ತಯಾರಿಯಲ್ಲಿ ತಿಂದದ್ದನ್ನೇ ತಿನ್ನಿ. ತೊಡೆ, ಕಂಕುಳಿಗೆ ವ್ಯಾಸಲಿನ್ ಹಚ್ಚಿ. ಗಂಡಸರು ಎದೆಗೆ ಟೇಪ್ ಮರೆಯಬೇಡಿ.

ಹಿಂದಿನ ರಾತ್ರಿಯೇ ಒಪ್ಪಂದ ಇನ್ನೊಮ್ಮೆ ಹೇಳಿಕೊಳ್ಳಿ. ನನ್ನ ಪ್ರಕಾರ ಅದು ಹೀಗಿರಬೇಕು: ಗುರಿಯ ವೇಗದಲ್ಲಿ ಕಿ.ಮೀ.ಗೆ ಹತ್ತು ಸೆಕೆಂಡಿಗಿಂತ ಕಡಿಮೆ ವ್ಯತ್ಯಾಸ ಇರುವವರು 30 ಕಿ.ಮೀ. ತನಕ ಜೊತೆ. ಅದಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಮೊದಲಿನಿಂದಲೇ ಬೇರೆ. 30 ದಾಟಿದ ಮೇಲೆ ಯಾರಲ್ಲಿ ಶಕ್ತಿ ಇದೆಯೋ ಅವರು ಹೋಗಬೇಕು. ಹಿಂದೆ ಉಳಿಯುವವರು "ಹೋಗು" ಅಂತ ಬಾಯಿಬಿಟ್ಟು ಹೇಳಬೇಕು. ಆ ಒಂದು ಮಾತು ಕೇಳಿದರೆ ಮುಂದೆ ಹೋಗುವವರ ಕಾಲು ಹಗುರಾಗುತ್ತದೆ. ಒಂದಕ್ಕೆ ಮಾತ್ರ ವಿನಾಯಿತಿ ಇಲ್ಲ. ಗೆಳೆಯರಿಗೆ ತಲೆ ಸುತ್ತಿದರೆ, ಎದೆ ನೋವು ಬಂದರೆ, ಮಾತು ತೊದಲಿದರೆ, ಟೈಮ್ ಬಿಟ್ಟು ನಿಲ್ಲಿ, ವೈದ್ಯಕೀಯ ತಂಡ ಬರುವ ತನಕ ಅಲ್ಲೇ ಇರಿ.

4:30ರ ಲೆಕ್ಕ ಸುಲಭ, ಪ್ರತಿ 5 ಕಿ.ಮೀ.ಗೆ 32 ನಿಮಿಷ. 10ಕ್ಕೆ 1:04, ಹಾಫ್‌ಗೆ 2:15, 30ಕ್ಕೆ 3:12, 40ಕ್ಕೆ 4:16. 4 ಗಂಟೆಯವರಿಗೆ 10ಕ್ಕೆ 56:53, 30ಕ್ಕೆ 2:50:38. ಮುಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳಿ. ಜಿಪಿಎಸ್ ಗಡಿಯಾರ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ ದೂರ ತೋರಿಸುತ್ತದೆ, ತಿರುವುಗಳಲ್ಲಿ ನೀವು ಹೊರಗಿನಿಂದ ಓಡುವುದೂ ಸೇರಿ 42.6 ಆಗಬಹುದು. ಹಾಗಾಗಿ 4:30ಕ್ಕೆ ಗಡಿಯಾರದಲ್ಲಿ ಕಿ.ಮೀ.ಗೆ 6:20 ಕಾಣಬೇಕು, ರಸ್ತೆಯ ಬೋರ್ಡಿನ ಹತ್ತಿರ ಬರೆದ ಟೈಮ್ ಸರಿ ನೋಡಬೇಕು.

ಮೊದಲ 5 ಕಿ.ಮೀ. 33 ನಿಮಿಷ ತೆಗೆದುಕೊಳ್ಳಿ. ಜನಜಂಗುಳಿಯಲ್ಲಿ ಅಡ್ಡಾದಿಡ್ಡಿ ನುಗ್ಗಬೇಡಿ. ಹೋದ ಆ ಒಂದು ನಿಮಿಷ 10ರಿಂದ 30ರ ನಡುವೆ ಕಿ.ಮೀ.ಗೆ ಮೂರು ಸೆಕೆಂಡ್ ಹಾಗೆ ತಾನೇ ವಾಪಸ್ ಬರುತ್ತದೆ. ನೀರಿನ ಸ್ಟಾಲಿನಲ್ಲಿ ಮೊದಲ ಮೇಜಿನ ನೂಕುನುಗ್ಗಲು ಬಿಟ್ಟು ಕೊನೆಯ ಮೇಜಿಗೆ ಹೋಗಿ. ಲೋಟ ಕೊಟ್ಟರೆ ಲೋಟದ ಬಾಯಿಯನ್ನು ಎರಡು ಬೆರಳಿನಲ್ಲಿ ಹಿಚುಕಿ ಕೊಕ್ಕಿನ ಹಾಗೆ ಮಾಡಿ, ಎರಡು ಗುಟುಕು ಕುಡಿಯಿರಿ. ಮೂಗಿಗೆ ಹೋಗುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಪೆಡ್ಡರ್ ರೋಡ್ ಏರಿನಲ್ಲಿ ಗಡಿಯಾರ ನೋಡಬೇಡಿ. ಹೆಜ್ಜೆ ಚಿಕ್ಕದು ಮಾಡಿ, ಕೈ ಬೀಸಿ, ಉಸಿರು ಮೊದಲಿನಷ್ಟೇ ಇರಲಿ. ಅಲ್ಲಿ ಅರ್ಧ ನಿಮಿಷ ಹೋದರೆ ಹೋಗಲಿ, ಆಚೆ ಇಳಿತ ಇದೆ.

ಮುಗಿದ ಮೇಲೆ

ಗೆರೆ ದಾಟಿದ ತಕ್ಷಣ ಕೂರಬೇಡಿ, ಹತ್ತು ನಿಮಿಷ ನಡೆಯಿರಿ. ಭೇಟಿಯ ಜಾಗ ಮೊದಲೇ ಗೊತ್ತು ಮಾಡಿರಿ, ಆ ಗದ್ದಲದಲ್ಲಿ ಫೋನ್ ಹತ್ತುವುದಿಲ್ಲ. ಮೊದಲು ಮುಗಿಸಿದವರು ಒಣ ಬಟ್ಟೆ ಹಾಕಿಕೊಂಡು ಕೊನೆಯವರು ಬರುವ ತನಕ ಕಾಯಬೇಕು, ಇದೂ ಒಪ್ಪಂದದ ಭಾಗ. ವಾಪಸ್ ರೈಲಿನಲ್ಲಿ ಎಲ್ಲರಿಗೂ ಕೆಳ ಬರ್ತ್ ಸಿಗುವುದಿಲ್ಲ, ಜಾಸ್ತಿ ಸೋತವರಿಗೆ ಬಿಟ್ಟುಕೊಡಿ. ಒಂದು ವಾರ ಓಟ ಇಲ್ಲ, ನಡಿಗೆ ಮಾತ್ರ. ಎರಡನೇ ಭಾನುವಾರ ಗಡಿಯಾರ ಮನೆಯಲ್ಲಿಟ್ಟು ಅಪ್ಪನ ಕೆರೆ ಸುತ್ತ ಎಲ್ಲರೂ ಮೆಲ್ಲಗೆ 5 ಕಿ.ಮೀ. ಓಡಿ. ಮುಂದಿನ ರೇಸಿನ ಮಾತು ಅದಾದ ಮೇಲಿನ ಚಹಾಕ್ಕೆ ಇಟ್ಟುಕೊಳ್ಳಿ.